ಸುಣ್ಣ ಬಿದ್ದ ಕಣ್ಣು

ಹೊಳವನಹಳ್ಳಿ ಕಡೆಯ ಆ ಊರಿನ ಶಾಲೆಗೆ ಜನವರಿಯಲ್ಲಿ ಸುಣ್ಣ ಬಳಿಸಿದ್ದರು. ಮಿಕ್ಕ ಸುಣ್ಣದ ಕಲ್ಲು ಒಂದು ತಗಡಿನ ಡಬ್ಬದಲ್ಲಿ ಉಳಿದಿತ್ತು. ವಿಜ್ಞಾನ ಹೇಳಿಕೊಡುವ ಗಂಗಾಂಬಿಕಾ ಆ ಡಬ್ಬವನ್ನು ಏಳನೇ ತರಗತಿಗೆ ತಂದಳು.

ಸ್ಟೀಲ್ ಬೋಗುಣಿಯಲ್ಲಿ ಒಂದು ತುಂಡಿಟ್ಟು ನೀರು ಚಿಮುಕಿಸಿದಾಗ ಅದು ಬಿರಿದು, ಬುಸುಗುಟ್ಟಿ, ಬಿಳಿ ಹಿಟ್ಟಾಗಿ ಉಬ್ಬಿತು. ಬೋಗುಣಿಯ ಹೊರಮೈ ಮುಟ್ಟಿದ ಮಕ್ಕಳು ಬೆರಳು ಹಿಂದಕ್ಕೆಳೆದುಕೊಂಡರು. ಐಸ್ ಕರಗಿದರೂ ನೀರು ನೀರೇ, ಇದು ಮಾತ್ರ ಬೇರೆಯದೇ ವಸ್ತುವಾಯಿತು, ಇದನ್ನೇ ರಾಸಾಯನಿಕ ಬದಲಾವಣೆ ಅನ್ನುವುದು ಎಂದು ಅವಳು ಬಿಡಿಸಿ ಹೇಳಿದಳು. ಯಾರೂ ಮುಟ್ಟಬೇಡಿ ಎಂದೂ ಹೇಳಿದಳು. ಅಷ್ಟರಲ್ಲಿ ಹೆಡ್‌ಮಾಸ್ಟರ್ ನರಸಿಂಹರಾಜು ಯಾವುದೋ ಫೋನಿಗೆಂದು ಕರೆದರು. ಡಬ್ಬ ಮೇಜಿನ ಮೇಲೇ ಉಳಿಯಿತು.

ಆ ತರಗತಿಯ ಹುಡುಗಿ ಸಹನಾಳ ತಾಯಿ ದಾಸಮ್ಮ ಅದೇ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಒಲೆಯಿಲ್ಲದೆ ನೀರು ಕುದಿಯುವುದನ್ನು ಅಮ್ಮನಿಗೆ ತೋರಿಸಬೇಕೆಂಬ ಆಸೆ ಹುಡುಗಿಗೆ. ಎರಡು ತುಂಡು ಸುಣ್ಣವನ್ನು ತನ್ನ ಪ್ಲಾಸ್ಟಿಕ್ ಬಾಟಲಿಗೆ ಹಾಕಿ, ನೀರು ಸುರಿದು, ಚೆಲ್ಲದಿರಲೆಂದು ಮುಚ್ಚಳ ಬಿಗಿದು ಓಡಿದಳು. ಅಡುಗೆಮನೆಯ ಮೆಟ್ಟಿಲ ಹತ್ತಿರ ಬಾಟಲಿ ಸಿಡಿಯಿತು.

ಗಂಗಾಂಬಿಕಾ ಓಡಿ ಬಂದಾಗ ಹುಡುಗಿಯ ಮುಖವೆಲ್ಲ ಬೆಳ್ಳಗಿತ್ತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು, ಕೈಕಾಲು ಬಡಿಯುತ್ತಿದ್ದಳು. ದಾಸಮ್ಮ ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಸೆರಗಿನಿಂದ ಉಜ್ಜುತ್ತಿದ್ದಳು. ಗಂಗಾಂಬಿಕಾ ಆ ಕೈ ಸರಿಸಿ, ರೆಪ್ಪೆ ಬಿಡಿಸಿ, ಕಂಡ ಚೂರುಗಳನ್ನು ಕರ್ಚೀಫಿನ ತುದಿಯಿಂದ ತೆಗೆದಳು. ನೀರಿನ ಚೊಂಬು ಎತ್ತುತ್ತಲೇ ದಾಸಮ್ಮ ಅವಳ ಮಣಿಕಟ್ಟು ಹಿಡಿದುಕೊಂಡಳು.

"ನೀರು ಹಾಕ್ಬ್ಯಾಡಿ ಮಿಸ್. ನೀರು ಬಿದ್ರೆ ಕುದೀತದೆ ಅಂತ ನೀವೇ ಹೇಳ್ಕೊಟ್ಟಿದ್ದೀರಂತೆ. ನನ್ ಮಗೀನ ಕಣ್ಣು ಬೇಯಿಸ್ಬ್ಯಾಡಿ."

ಗಂಗಾಂಬಿಕಾಳ ಕೈ ಅಲ್ಲೇ ನಿಂತಿತು. ಇಂಥ ಹೊತ್ತಿನಲ್ಲಿ ನೀರೇ ಗತಿ ಎಂದು ಅವಳು ಎಲ್ಲೋ ಓದಿದ್ದಳು, ಮಾಡಿ ಗೊತ್ತಿರಲಿಲ್ಲ. ಓದಿದ್ದು ಸುಳ್ಳಾದರೆ? ಹುಡುಗಿಯ ಬೆರಳುಗಳು ಅವಳ ಸೀರೆಯನ್ನು ಹಿಡಿದು ಹಿಂಡುತ್ತಿದ್ದವು.

"ಸ್ವಲ್ಪ ನೀರಾದ್ರೆ ಕುದೀತದೆ ಕಣಮ್ಮ. ಧಾರೆ ಬಿಟ್ರೆ ಬಿಸಿನೂ ಹೋಯ್ತದೆ, ಸುಣ್ಣನೂ ಹೋಯ್ತದೆ. ಕೈ ಬುಡು ದಾಸಮ್ಮ."

ದಾಸಮ್ಮ ಬಿಡಲಿಲ್ಲ. ಗಂಗಾಂಬಿಕಾ ಕೈ ಕಿತ್ತುಕೊಂಡು ಸುರಿದಳು. ಸಹನಾ ಕಿರುಚಿದ ಸದ್ದಿಗೆ ದಾಸಮ್ಮ ನೆಲಕ್ಕೆ ಹಣೆ ಬಡಿದುಕೊಂಡಳು. ಆಗಲೇ ಸಹನಾಳ ಗೆಳತಿ ಪ್ರಿಯಾಂಕ ಅಡುಗೆಮನೆಯಿಂದ ಅರ್ಧ ನಿಂಬೆಹಣ್ಣು ಹಿಡಿದು ಬಂದಳು. ಹುಳಿ ಸೇರಿದರೆ ಸುಣ್ಣದ ಸುಡುವ ಗುಣ ಅಡಗುತ್ತದೆ ಎಂಬ ಪಾಠ ಹಿಂದಿನ ವಾರವಷ್ಟೇ ಆಗಿತ್ತು. ಗಂಗಾಂಬಿಕಾ ಅದನ್ನು ಕಿತ್ತು ಎಸೆದು, ನೀರು ತಾ ಎಂದಳು, ನೀರು ಬಿಟ್ಟು ಬೇರೇನೂ ತರಬೇಡ ಎಂದಳು.

ಸಿಂಟೆಕ್ಸ್ ಟ್ಯಾಂಕಿನ ನಲ್ಲಿ ಮೊದಲು ಸಣ್ಣಗಾಯಿತು, ಆಮೇಲೆ ನಿಂತೇ ಹೋಯಿತು. ಕರೆಂಟಿಲ್ಲ, ಮೋಟಾರು ಏಳುವಂತಿರಲಿಲ್ಲ. ಮಕ್ಕಳು ತಮ್ಮ ತಮ್ಮ ಬಾಟಲಿ ತಂದು ಸಾಲಾಗಿ ನಿಂತರು. ಅವೂ ಮುಗಿದವು. ಕೋಸಂಬರಿ ಬೇಳೆ ನೆನೆಸಲು ಇಟ್ಟಿದ್ದ ಕ್ಯಾನ್ ನೀರನ್ನು ಕೊನೆಗೆ ದಾಸಮ್ಮನೇ ಎದ್ದು ಹೊತ್ತು ತಂದಳು. ಅವಳು ನಂಬಿದಳೋ, ಬೇರೆ ದಾರಿ ಕಾಣಲಿಲ್ಲವೋ, ಗಂಗಾಂಬಿಕಾಳಿಗೆ ತಿಳಿಯಲಿಲ್ಲ.

ತರಕಾರಿ ಸಾಗಿಸುವ ಪ್ರಸನ್ನ ಕುಮಾರನ ಗಾಡಿಯಲ್ಲಿ ಕೊರಟಗೆರೆಗೆ ಹೊರಟರು. ಹಿಂದೆ ಟೊಮೇಟೊ ಕ್ರೇಟುಗಳ ನಡುವೆ ಹುಡುಗಿಯನ್ನು ಮಲಗಿಸಿಕೊಂಡು, ದಾಸಮ್ಮ ತಲೆ ಹಿಡಿದಳು, ಗಂಗಾಂಬಿಕಾ ಸುರಿಯುತ್ತಲೇ ಇದ್ದಳು. ರಸ್ತೆಯ ಹಳ್ಳಕ್ಕೆ ಗಾಡಿ ಹಾರಿದಾಗಲೆಲ್ಲ ನೀರು ಕೆನ್ನೆಗೆ, ಕಿವಿಗೆ ಬೀಳುತ್ತಿತ್ತು. ಕ್ಯಾನು ಹಗುರವಾಗುತ್ತಿರುವುದು ಅವಳ ತೋಳಿಗೆ ತಿಳಿಯುತ್ತಿತ್ತು. "ಮಿಸ್, ಕತ್ಲೆ," ಎಂದಳು ಸಹನಾ. ಗಂಗಾಂಬಿಕಾ ಕ್ಯಾನನ್ನು ಇನ್ನಷ್ಟು ಬಗ್ಗಿಸಿದಳು.

ಆಸ್ಪತ್ರೆಯ ಡಾಕ್ಟರಮ್ಮ ರೆಪ್ಪೆ ಮಗುಚಿ, ಅಂಟಿದ್ದ ಚೂರುಗಳನ್ನು ಹತ್ತಿಯ ಕಡ್ಡಿಯಿಂದ ತೆಗೆದು, ಸಲೈನ್ ಬಾಟಲಿಯ ನಳಿಗೆಯನ್ನೇ ಕಣ್ಣಿಗೆ ಹಿಡಿದರು. ನಡುನಡುವೆ ಬಣ್ಣ ಪರೀಕ್ಷಿಸುವ ಕಾಗದದ ತುಂಡನ್ನು ರೆಪ್ಪೆಯೊಳಗೆ ಮುಟ್ಟಿಸಿ ನೋಡುತ್ತಿದ್ದರು. ಕಾಗದ ನೀಲಿಯಾಗುತ್ತಿತ್ತು. ಅಂದರೆ ಸುಣ್ಣ ಇನ್ನೂ ಒಳಗಿದೆ, ಇನ್ನೂ ಸುಡುತ್ತಿದೆ ಎಂಬುದು ಗಂಗಾಂಬಿಕಾಳಿಗೆ ಯಾರೂ ಹೇಳಬೇಕಿರಲಿಲ್ಲ. ಬಾಟಲಿ ಬದಲಾಯಿಸಿದರು. ಮತ್ತೆ ನೀಲಿ. ಗೋಡೆಗೆ ಆನಿಕೊಂಡು ಅವಳು ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದಳು. ಕೊನೆಗೆ ಬಲಗಣ್ಣಿಗೆ ಮುಟ್ಟಿಸಿದ ಕಾಗದ ನೀಲಿಯಾಗದೆ ಉಳಿಯಿತು. ಎಡಗಣ್ಣಿಗೆ ಇನ್ನೂ ಬಹಳ ಹೊತ್ತು ಬೇಕಾಯಿತು.

ಅಲ್ಲಿಂದ ತುಮಕೂರಿಗೆ ಕಳಿಸಿದರು. ಕಣ್ಣಾಸ್ಪತ್ರೆಯಲ್ಲಿ ಬಲಗಣ್ಣು ಉಳಿಯಿತೆಂದರು. ನೀರು ಹಾಕದೆ ಬಂದಿದ್ದರೆ ಎರಡೂ ಹೋಗುತ್ತಿದ್ದವಂತೆ. ಎಡಗಣ್ಣಿನ ಕಪ್ಪುಗುಡ್ಡೆಯ ಮೇಲೆ ಹಾಲುಬಣ್ಣದ ಪೊರೆ ಕೂತಿತ್ತು. ಬೆಳಕು ಕತ್ತಲೆ ಬಿಟ್ಟರೆ ಅದಕ್ಕೆ ಏನೂ ತಿಳಿಯುತ್ತಿರಲಿಲ್ಲ.

ನರಸಿಂಹರಾಜು ಆಸ್ಪತ್ರೆಗೆ ಬಂದು, ಹುಡುಗಿ ಸುಣ್ಣವನ್ನು ಮನೆಯಿಂದ ತಂದಿದ್ದಳು ಅಂದುಬಿಟ್ಟರೆ ನಿಮ್ಮ ನೌಕರಿಗೆ ಏನೂ ಆಗುವುದಿಲ್ಲ ಎಂದು ವರಾಂಡದಲ್ಲಿ ಪಿಸುಗುಟ್ಟಿದರು. ಗಂಗಾಂಬಿಕಾ ವಾರ್ಡಿಗೆ ಹೋಗಿ ಮಂಚದ ಪಕ್ಕ ನಿಂತಳು.

ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಸಹನಾ ಹೆಜ್ಜೆಯ ಸದ್ದಿಗೇ ಗುರುತು ಹಿಡಿದಳು. "ಮಿಸ್, ನಾನು ಸುಣ್ಣ ಜಾಸ್ತಿ ಹಾಕ್ಬುಟ್ನಾ? ಬಾಟ್ಲು ಯಾಕೆ ಒಡೀತು?"

ಗಂಗಾಂಬಿಕಾ ಮಂಚದ ಅಂಚು ಹಿಡಿದುಕೊಂಡಳು. ನೀರು ಕಾದು ಆವಿಯಾಗುತ್ತದೆ, ಆವಿಗೆ ಜಾಗ ಜಾಸ್ತಿ ಬೇಕು, ಮುಚ್ಚಳ ಹಾಕಿದರೆ ಜಾಗ ಸಿಗುವುದಿಲ್ಲ ಎಂದಳು. ಆಮೇಲೆ ದಾಸಮ್ಮನ ಮುಖ ನೋಡಿದಳು.

"ಮುಚ್ಚಳ ಹಾಕ್ಬಾರ್ದು ಅಂತ ನಾನು ಹೇಳ್ಲಿಲ್ಲ ಸಹನಾ. ಡಬ್ಬ ಅಲ್ಲೇ ಬಿಟ್ಟು ಎದ್ದೋದೆ. ನಿನ್ನ ತಪ್ಪಲ್ಲ. ಯಾರು ಕೇಳಿದ್ರೂ ಇಂಗೇ ಹೇಳ್ತೀನಿ."

ದಾಸಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಮಗಳ ಹೊದಿಕೆಯನ್ನು ಸರಿಮಾಡುತ್ತ, ತಲೆಯೆತ್ತದೆ ಕೇಳಿದಳು: "ಎಡಗಣ್ಣು ಬತ್ತದಾ ಮಿಸ್?"

ಗೊತ್ತಿಲ್ಲ ಎಂದಳು ಗಂಗಾಂಬಿಕಾ. ದಾಸಮ್ಮ ಸ್ಟೂಲಿನ ಮೇಲೆ ಸ್ವಲ್ಪ ಸರಿದು ಜಾಗ ಮಾಡಿದಳು. ಗಂಗಾಂಬಿಕಾ ಕೂರಲಾರದೆ ನಿಂತೇ ಇದ್ದಳು.