ಮೂಗಿನಲ್ಲಿ ಎಂಜಿನ್ ಇದ್ದ ಹೆಲಿಕಾಪ್ಟರ್

ಬಸವಣಪ್ಪ ಒಂದು ಕಾಲದಲ್ಲಿ ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದ. ತಾನು ನೋಡಿಕೊಳ್ಳುತ್ತಿದ್ದ ಹೆಲಿಕಾಪ್ಟರಿಗೆ ಎಂಜಿನ್ ಮೂಗಿನಲ್ಲೇ ಇತ್ತು, ಪೈಲಟ್ ಅದರ ಮೇಲೆ ಮಾಳಿಗೆಯಲ್ಲಿ ಕೂತಂತೆ ಕೂಡುತ್ತಿದ್ದ ಎಂದು ಅವನು ಹೇಳಿದಾಗಲೆಲ್ಲ ಹೆಂಡತಿ ಕೇಶರಬಾಯಿ ನಕ್ಕುಬಿಡುತ್ತಿದ್ದಳು. ಮದುವೆಯಾಗಿ ಮೂವತ್ತು ವರ್ಷ, ಅವಳ ಪಾಲಿಗೆ ಅದು ಗಂಡ ಕಟ್ಟಿದ ಕತೆ.

1997ರ ಚಳಿಗಾಲ. ಒಂದು ಬೆಳಿಗ್ಗೆ ಇಬ್ಬರೂ ಬಸವಕಲ್ಯಾಣದ ಹೊರಗೆ, ಹೈವೇ ಮೇಲೆ, ಹುಮನಾಬಾದ ಬಸ್ಸಿಗೆ ಕಾಯುತ್ತಿದ್ದರು. ಬಂದೇನವಾಜನ ಪಂಕ್ಚರ್ ಅಂಗಡಿ ಮುಂದೆ ಉದ್ದನೆಯ ಟ್ರೇಲರ್ ನಿಂತಿತ್ತು. ಅದರ ಮೇಲೆ ಹಗ್ಗ ಬಿಗಿದ, ರೆಕ್ಕೆ ಬಿಚ್ಚಿದ ಹಳೇ ಹೆಲಿಕಾಪ್ಟರ್. ಮುಂಭಾಗ ಗಬ್ಬದ ಎಮ್ಮೆಯ ಹೊಟ್ಟೆಯಂತೆ ಉಬ್ಬಿತ್ತು.

ಬಸವಣಪ್ಪನ ಕೈಯಿಂದ ಚೀಲ ಜಾರಿತು. "ಎಲ್ಲಿಗಿ ಒಯ್ಯಾಕತ್ತೀಯಪ್ಪ ಇದನ್ನ?"

"ಹೈದರಾಬಾದಿನ ಕಾಲೇಜಿಗ್ರಿ. ಹುಡುಗರಿಗಿ ತೋರಸ್ಲಿಕ್ಕ," ಅಂದ ಡ್ರೈವರ್. "ಮೂಗಿನ ಬಾಗ್ಲಾ ಮಾತ್ರ ಯಾರಿಗೂ ತೆಗೀಲಿಕ್ಕ ಬರ್ಲಿಲ್ರಿ."

ಬಸವಣಪ್ಪ ಟ್ರೇಲರ್ ಹತ್ತಿದ. ಅವನ ಕೈ ಎಲ್ಲೂ ತಡವರಿಸಲಿಲ್ಲ. ಎರಡು ಕೊಂಡಿ ಒತ್ತಿ, ಅಂಗೈಯಿಂದ ಒಂದು ಗುದ್ದು ಕೊಟ್ಟ. ಮೂಗು ಅಲಮಾರಿಯಂತೆ ಎರಡೂ ಬದಿಗೆ ತೆರೆದುಕೊಂಡಿತು. ಒಳಗೆ ಗಾಡಿಯ ಗಾಲಿಯಂಥ ದುಂಡನೆಯ ಎಂಜಿನ್, ಸುತ್ತಲೂ ಸಿಲಿಂಡರು.

ಕೇಶರಬಾಯಿ ಸೆರಗು ಬಾಯಿಗೆ ಒತ್ತಿಕೊಂಡಳು. "ಯವ್ವಾ! ಖರೇನೇ ಅದಲ್ರೀ!"

"ಪಿಸ್ಟನ್ ಎಂಜಿನ್. ಹೊಳಿ ಬಂದಾಗ ಒಂದ್ ಬಾಣಂತಿ, ಕೂಸು, ಎರಡು ಆಡು, ಎಲ್ಲಾ ಎತ್ಕೊಂಡು ಬಂದಿದ್ವಿ ಇಂಥಾದ್ರಾಗ. ಭಾಳ ದಿನ ನಡೀಲಿಲ್ಲ, ಒಂಬತ್ತೇ ವರ್ಷ. ಟರ್ಬೈನಿನ ಹೊಸವು ಬಂದ್ವು, ಇವನ್ನ ಶೆಡ್ಡಿನ್ಯಾಗ ನಿಲ್ಲಿಸಿದ್ರು."

ಅವಳಿಗೆ ಈಗ ಆ ಮಾಳಿಗೆ ನೋಡಲೇಬೇಕಿತ್ತು. ಪಕ್ಕದಲ್ಲಿ ಕಾಲಿಡಲು ಕೊರೆದಿದ್ದ ತೂತುಗಳನ್ನು ಗಂಡ ಒಂದೊಂದಾಗಿ ತೋರಿಸಿದ. ಸೀರೆ ಎತ್ತಿ ಕಟ್ಟಿ ಹತ್ತಿ, ಪೈಲಟನ ಸೀಟಿನಲ್ಲಿ ಕೂತಳು. ಮೂಗಿನ ಬಾಗಿಲು ಮೊದಲಿನಂತೆ ಹಾಕಿ, ಅವನೂ ಹತ್ತಿ ಪಕ್ಕದಲ್ಲಿ ಕೂತ.

ಅಷ್ಟರಲ್ಲಿ ಬಂದೇನವಾಜ್ ಟಯರ್ ಹಾಕಿ ಮುಗಿಸಿದ್ದ. ಡ್ರೈವರ್ ಕೂಗಿದ: "ಹುಮನಾಬಾದಿಗೇ ಹೊಂಟೀರಲ್ಲ, ಅಲ್ಲೇ ಕೂಡ್ರಿ ಅವ್ವಾ. ಸಾವಕಾಶ ಹೊಡೀತೀನಿ."

ಟ್ರೇಲರ್ ಹೊರಟಿತು. ಬೇವಿನ ಟೊಂಗೆಗಳು ಭುಜದ ಮಟ್ಟಕ್ಕೆ ಬಂದವು. ಬಸ್ಸಿನ ಮೇಲೆ ಕಟ್ಟಿದ ಗಂಟುಗಳು ಕಾಲ ಕೆಳಗೆ ಹಾದುಹೋದವು. ತೊಗರಿ, ಜೋಳ, ಮತ್ತೆ ತೊಗರಿ. ಹುಟ್ಟಿದಾಗಿನಿಂದ ನೋಡಿದ ನೆಲ ಇಷ್ಟು ಅಗಲವಿದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ತಿರುಗಿ ನೋಡಿದರೆ ಬಸವಣಪ್ಪ ಕಣ್ಣೊರೆಸಿಕೊಳ್ಳುತ್ತಿದ್ದ.

"ಯಾಕ್ರಿ?"

"ನಮ್ದು ಯಾವಾಗ್ಲೂ ಕೆಳಗ, ಸಾಮಾನಿನ ಜೋಡಿ. ಇಲ್ಲಿ ಕೂತು ಹೊಂಟಿದ್ದು ನಾನೂ ಇವತ್ತೇ."

ಹುಮನಾಬಾದ ಬಂತು. ಡ್ರೈವರ್ ನಿಧಾನ ಮಾಡಿ ಹಾರ್ನ್ ಹೊಡೆದ. ಕೇಶರಬಾಯಿ ಏಳಲಿಲ್ಲ.

"ಇನ್ನೊಂದೀಟು ಮುಂದ ಹೋಗೂಣ್ರಿ," ಅಂದಳು.

ಬಸವಣಪ್ಪ ಕಿಟಕಿಯಿಂದ ಕೈ ಹೊರಗೆ ಹಾಕಿ, ನಡಿ ಎಂದು ಬೀಸಿದ.