ಬಿಟ್ಟಿಯಲ್ಲದ ಮನೆ

ಮಲ್ಲಪ್ಪನು ಸುಳ್ಳುಗಾರನಲ್ಲ, ಸೋಮಾರಿಯೂ ಅಲ್ಲ. ಅವನ ಏಕೈಕ ದೋಷವೆಂದರೆ ಪದಗಳ ವಿಷಯದಲ್ಲಿ ಅಸಡ್ಡೆ. ಇಂಥ ಅಸಡ್ಡೆಯನ್ನು ನಮ್ಮ ಸಮಾಜ ನಕ್ಕು ಕ್ಷಮಿಸುತ್ತದೆ, ಕ್ಷಮಿಸಬಾರದು. ಒಂದೇ ಒಂದು ಪದದಿಂದ ಅವನು ಕೈಗೆ ಬಂದ ಮನೆಯನ್ನು ಕಳೆದುಕೊಳ್ಳುವುದರಲ್ಲಿದ್ದ.

ಅದು ೧೯೯೯ನೆಯ ಇಸವಿ. ಸಾಂಟಾ ಕ್ಲಾರಾದ ಒಂದು ಹೋಟೆಲಿನಲ್ಲಿ ಅವನು ಅಡುಗೆಯವನು. ಹೆಂಡತಿ ವಿಜಯಶ್ರೀ ಡೇಕೇರಿನಲ್ಲಿ ಪರರ ಮಕ್ಕಳನ್ನು ಆಡಿಸುವವಳು. ಲಾಭದ ಮುಖವನ್ನೇ ಕಾಣದ ಇಂಟರ್‌ನೆಟ್ ಕಂಪನಿಗಳ ಷೇರುಗಳನ್ನು ನಂಬಿ ಜನರು ಮನೆಗಳ ಬೆಲೆಯನ್ನು ಆಕಾಶಕ್ಕೇರಿಸಿದ್ದರು. ಊರಿಗೆ ಅನ್ನ ಬೇಯಿಸುವವನಿಗೆ ಆ ಊರಿನಲ್ಲಿ ಸೂರಿಲ್ಲ. ಅದಕ್ಕೆ ಪ್ರಗತಿಯೆಂಬ ಹೆಸರು ಬೇರೆ. ಹೀಗಿರುವಾಗ ಗಿಲ್‌ರಾಯ್‌ನ ಒಂದು ಸಂಸ್ಥೆ, ಸ್ವಯಂಸೇವಕರಿಂದ ಮನೆ ಕಟ್ಟಿಸಿ, ಬಡ್ಡಿಯಿಲ್ಲದ ಕಂತಿನ ಮೇಲೆ ಇಂಥವರಿಗೆ ಕೊಡತೊಡಗಿತು. ಷರತ್ತು ಒಂದೇ: ಕುಟುಂಬದ ದೊಡ್ಡವರೆಲ್ಲರೂ ಕಟ್ಟಡದಲ್ಲಿ ಕೈಯಾರೆ ದುಡಿಯಬೇಕು.

ತಮಗೂ ಒಂದು ಮನೆ ಮಂಜೂರಾದ ಶುಭವಾರ್ತೆಯನ್ನು ಮಲ್ಲಪ್ಪ ಜೊತೆಗೇ ಇದ್ದ ತಾಯಿ ಬಂಗಾರೆವ್ವನಿಗೆ ಹೀಗೆ ತಿಳಿಸಿದ:

"ಯವ್ವಾ, ಮಂದಿ ಬಂದು ಬಿಟ್ಟಿ ದುಡೀತಾರ. ನಮಗ ಮನಿ ಆಗ್ತದ."

ಬಂಗಾರೆವ್ವ ರೋಣದ ಕಡೆಯ ಹಳ್ಳಿಯವಳು. ಆಕೆಯ ತಂದೆ ತನ್ನ ಹೊಲದ ಬಿತ್ತನೆ ಬಿಟ್ಟು, ಕೂಲಿಯಿಲ್ಲದೆ ದೇಸಾಯರ ವಾಡೆಗೆ ಕಲ್ಲು ಹೊತ್ತವನು. ಬಿಟ್ಟಿ ಎಂದರೆ ಆಕೆಗೆ ಪುಕ್ಕಟೆಯಲ್ಲ, ಬಲಾತ್ಕಾರ.

"ನಮ್ಮಪ್ಪನ ಹೆಗಲಮ್ಯಾಗಿನ ಹುಣ್ಣು ಮಾಯಲೇ ಇಲ್ಲ. ಬಿಟ್ಟಿ ಮನ್ಯಾಗ ನಾ ಕಾಲಿಡಂಗಿಲ್ಲ. ನೀವು ಹೋಗ್ರಿ."

"ಹಂಗಲ್ಲಬೇ ಅದು..."

"ಆ ಮಂದಿಗೆ ರೊಕ್ಕಾ ಕೊಡ್ತಾರೇನು?"

"ಇಲ್ಲ."

"ಮತ್ತ?"

ಕಟ್ಟಡದ ಕೆಲಸ ನಡೆಯುವ ಶನಿವಾರಗಳು ಆಕೆಯಿಲ್ಲದೆಯೇ ಕಳೆದವು. ಕೊನೆಗೆ ಮೇಲ್ವಿಚಾರಕಿ ಕರೋಲ್ ವಿನಯದಿಂದಲೇ ತಿಳಿಸಿದಳು: ತಾಯಿ ಬಾರದಿದ್ದರೆ ಮನೆ ಸರದಿಯಲ್ಲಿರುವ ಮುಂದಿನ ಕುಟುಂಬಕ್ಕೆ ಹೋಗುತ್ತದೆ.

"ಗಿಲ್‌ರಾಯ್ ಅಂದ್ರ ಬಳ್ಳೊಳ್ಳಿ ಸೀಮಿ ಅತ್ತಿ. ಚಟ್ನಿಗೆ ತರೂಣು ಬರ್ರಿ," ಎಂದು ವಿಜಯಶ್ರೀ ಅತ್ತೆಯನ್ನು ಕಾರು ಹತ್ತಿಸಿದಳು. ಅದು ಸುಳ್ಳಲ್ಲ, ಪೂರ್ಣ ಸತ್ಯವೂ ಅಲ್ಲ. ಸೊಸೆಯಂದಿರಿಗೆ ಅಷ್ಟು ರಿಯಾಯಿತಿ ಇರಲಿ.

ಮಲ್ಲಪ್ಪ ಕಾರನ್ನು ಕಟ್ಟಡದ ಮುಂದೆ ನಿಲ್ಲಿಸಿದ. ಅಲ್ಲಿ ಉಡುಪಿಯ ಕಡೆಯ ಎಂಜಿನಿಯರ್ ಗುರುದತ್, ಹಳದಿ ಹೆಲ್ಮೆಟ್ ಧರಿಸಿ, ಮೊಳೆ ಹೊಡೆಯುತ್ತಿದ್ದ. ಕನ್ನಡ ಕಿವಿಗೆ ಬಿದ್ದದ್ದೇ ಎದ್ದು ಬಂದು ನಮಸ್ಕರಿಸಿದ.

ಬಂಗಾರೆವ್ವ ಕೇಳಿದಳು: "ತಮ್ಮಾ, ನಿನ್ನ ಯಾರು ಹಿಡಕೊಂಡು ಬಂದ್ರು?"

"ಹೋದ ಸಲ ನಮ್ಮ ಬಾಸು, ಅಮ್ಮ. ಟೀಮಿಗೆ ಟೀಮೇ ಹೋಗ್ಬೇಕು ಅಂತ ಇಮೇಲ್ ಮಾಡಿದ್ರು. ಇಲ್ಲ ಅನ್ಲಿಕ್ಕೆ ಆಗ್ತದಾ?"

"ಕೇಳಿದೇನೋ ಮಲ್ಲಾ? ದೇಸಾಯಿ ಕಳಿಸ್ಯಾನ." ಮತ್ತೆ ಗುರುದತ್ತನಿಗೆ, "ಉಣ್ಣಾಕ ಏನು ಕೊಟ್ರು?"

"ತಣ್ಣಗಿನ ಸ್ಯಾಂಡ್‌ವಿಚ್ಚು. ಮತ್ತೆ ಒಂದು ಟೀ ಶರ್ಟು."

"ನಮ್ಮ ದೇಸಾಯರು ರೊಟ್ಟೀನರ ಬಿಸೀದು ಕೊಡ್ತಿದ್ರು."

ಮಲ್ಲಪ್ಪನ ಮುಖ ಬಾಡಿತು. ಬಾಡಲೇಬೇಕಾಗಿತ್ತು.

"ಈ ಸಲ ಯಾರು ಕಳಿಸಿದ್ರು?"

"ಯಾರೂ ಇಲ್ಲ ಅಮ್ಮ." ಗುರುದತ್ ನಾಚಿಕೊಂಡು ಒಂದು ಹಲಗೆಯನ್ನು ತೋರಿಸಿದ. "ಅವತ್ತು ನಾನು ಹೊಡೆದ ಮೊಳೆಗಳೆಲ್ಲ ಸೊಟ್ಟ. ನಿಮ್ಮ ಗೋಡೆ ಬಿದ್ದರೆ ಏನು ಗತಿ ಅಂತ ವಾರವಿಡೀ ನಿದ್ದೆ ಇಲ್ಲ. ಕಿತ್ತು ಹೊಸದಾಗಿ ಹೊಡೀಲಿಕ್ಕೆ ಬಂದದ್ದು."

ಬಂಗಾರೆವ್ವ ಬಾಗಿ ನೋಡಿದಳು. "ಇವೂ ಸೊಟ್ಟನ ಅದಾವು."

"ಹೌದು. ಆದ್ರೆ ಸ್ವಲ್ಪ ಕಡಿಮೆ."

ಆಕೆ ಅಲ್ಲಿಯೇ ಮರದ ತುಂಡೊಂದರ ಮೇಲೆ ಕುಳಿತಳು. ತಂದೆ ವಾಡೆಯ ಕಲ್ಲುಗಳನ್ನು ಬೇಕೆಂದೇ ಓರೆಯಾಗಿ ಇಟ್ಟು ಬಂದು, ಮನೆಯಲ್ಲಿ ಅದನ್ನು ಹೇಳಿ ನಗುತ್ತಿದ್ದ. ಬಿಟ್ಟಿಗೆ ಬಂದವನು ಸೊಟ್ಟ ಮೊಳೆಗಾಗಿ ನಿದ್ದೆಗೆಡುವುದಿಲ್ಲ.

"ಮಲ್ಲಾ, ಇದು ಬಿಟ್ಟಿ ಅಲ್ಲೋ. ಮುಯ್ಯಿ ಇದು. ಇವತ್ತು ಅವ್ರು ನಮಗ ದುಡದ್ರ, ನಾಳಿ ನಾವು ಅವರಿಗೆ ದುಡಿಯೂದು. ಹಂಗಂತ ಮೊದ್ಲ ಹೇಳಾಕ ಏನಾಗಿತ್ತು ನಿನಗ?"

ಆ ಪದ ಮಲ್ಲಪ್ಪನಿಗೂ ಗೊತ್ತಿತ್ತು. ಗೊತ್ತಿದ್ದೂ ಹುಡುಕದಿರುವುದೇ ಅಪರಾಧ.

"ನಿನ್ನ ಮನಿ ಯಾವಾಗ ಕಟ್ಟಾಂವ, ತಮ್ಮಾ? ನಾವೂ ಬರ್ತೀವಿ."

"ಮನೆಗೆ ಈ ರೇಟ್ ಇರುವಾಗಲಾ, ಅಮ್ಮ? ನಾನು ಫ್ರೆಂಡ್ಸ್ ಜೊತೆ ಅಪಾರ್ಟ್‌ಮೆಂಟಲ್ಲಿ ಇರೋದು. ಹಾಲ್‌ನಲ್ಲಿ ಮಲಗ್ತೇನೆ."

"ಅಯ್ಯ ಶಿವನ, ನಿನಗೂ ಮನಿ ಇಲ್ಲಾ?" ಬಂಗಾರೆವ್ವ ಅವನನ್ನು ಕನಿಕರದಿಂದ ನೋಡಿದಳು. "ಅಲ್ಲೀತನಕಾ ಋಣಾ ಹೊತಗೊಂಡು ಕೂಡಾಕ ಆಗೂದಿಲ್ಲ. ಬಾಜೂ ಮನಿ ಯಾರದು?"

"ರೋಸಾ ಅಂತ. ಅವಳೂ ನಮ್ಮಂಗ ದುಡಿದು ಮನಿ ತಗೊಳ್ಳಾಕಿ," ಎಂದಳು ವಿಜಯಶ್ರೀ.

ಬಂಗಾರೆವ್ವ ಸೆರಗು ಬಿಗಿದಳು; ತುರುಬಿನ ಮೇಲೆ ಹೆಲ್ಮೆಟ್ ಕೂರಿಸಿಕೊಂಡಳು; ಬಣ್ಣದ ಬ್ರಷ್ ಹಿಡಿದು ರೋಸಾಳ ಗೋಡೆಯತ್ತ ನಡೆದಳು. ಕರೋಲ್ ಧಾವಿಸಿ ಬಂದು, ನಿಮ್ಮ ಮನೆ ಈ ಕಡೆ ಎಂದು ಕೈ ತೋರಿಸಿದಳು.

"ಗೊತ್ತದ. ಮೊದ್ಲ ಆಕೀದು."

ಯಾರ ಮನೆಗೆ ದುಡಿದರೂ ದುಡಿಮೆಯೇ ಎಂಬುದು ಸಂಸ್ಥೆಯ ನಿಯಮವೂ ಆಗಿತ್ತು. ಕರೋಲ್ ಹೆಬ್ಬೆರಳೆತ್ತಿದಳು. ಮನೆ ಉಳಿಯಿತು.

ರೋಸಾ ಹೊರಗೆ ಬಂದು, ಸೀರೆಯುಟ್ಟ ಮುದುಕಿಯೊಬ್ಬಳು ತನ್ನ ಗೋಡೆಗೆ ಬಣ್ಣ ಬಳಿಯುವುದನ್ನು ಕಂಡಳು. ತಾನೂ ಒಂದು ಬ್ರಷ್ ಎತ್ತಿಕೊಂಡು ಮಲ್ಲಪ್ಪನ ಮನೆಯತ್ತ ಹೊರಟಳು. ಮಲ್ಲಪ್ಪ ಅವಳಿಗೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ವಿವರಿಸಲು ಬಾಯಿ ತೆರೆದ.

ವಿಜಯಶ್ರೀ ಅವನ ತೋಳು ಹಿಡಿದಳು. "ನೀವೊಂದಿಷ್ಟು ಸುಮ್ನಿರ್ರಿ."