ಮಾವನ ಮನೆ ವಿಳಾಸ

ಸುಳ್ಳು ವಿಳಾಸ ಹುಟ್ಟಿಸುವುದು ಅವಳ ಕೆಲಸವಾಗಿತ್ತು. ಹೊಸ ಆ್ಯಪ್ ಕಟ್ಟುವ ಕಂಪನಿಗಳಿಗೆ ಪರೀಕ್ಷೆ ಮಾಡಿ ನೋಡಲು ರಾಶಿ ರಾಶಿ ವಿಳಾಸ ಬೇಕು. ಆದರೆ ನಿಜವಾದ ಜನರ ವಿಳಾಸ ಬಳಸುವಂತಿಲ್ಲ. ಅವಳು ಬರೆದ ಪ್ರೋಗ್ರಾಮು ಬೀದಿ, ಬಡಾವಣೆ, ಪಿನ್‌ಕೋಡುಗಳನ್ನು ಒಂದಕ್ಕೊಂದು ತಾಳೆಯಾಗುವಂತೆ ಹೊಂದಿಸಿ, ಮನೆ ನಂಬರನ್ನು ಮಾತ್ರ ಎಲ್ಲೂ ಇಲ್ಲದ್ದು ಕೊಡುತ್ತಿತ್ತು. ಜೊತೆಗೆ ಒಂದು ಹುಟ್ಟಿಸಿದ ಹೆಸರು, ‘ನೀರಿನ ಟ್ಯಾಂಕಿನ ಹಿಂದೆ’, ‘ಮುಚ್ಚಿದ ಟಾಕೀಸಿನ ಎದುರು’ ಎಂಬ ಗುರುತು. ನಮ್ಮ ಜನ ನಂಬರನ್ನು ನಂಬುವುದಿಲ್ಲ, ಗುರುತನ್ನು ನಂಬುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಆಫೀಸಿನಲ್ಲಿ ಅವಳನ್ನು ಪೋಸ್ಟಮ್ಮ ಎಂದೇ ಕರೆಯುತ್ತಿದ್ದರು.

ಆ ತಂಡದ ಮುಖ್ಯಸ್ಥ ಅವಳ ಅಕ್ಕನ ಗಂಡ. ಕೆಲಸ ಕೊಡಿಸಿದ್ದು ತಾನೇ ಎಂಬುದನ್ನು ಭಾವ ಯಾರಿಗೂ ಮರೆಯಗೊಡುತ್ತಿರಲಿಲ್ಲ.

ಅವಳು ಇದ್ದದ್ದು ಅಪ್ಪನ ಜೊತೆ. ಅಪ್ಪ ದರ್ಜಿ. ಕೆಳಗೆ ಅಂಗಡಿ, ಮೇಲೆ ಮನೆ, ನಡುವೆ ಕಡಿದಾದ ಮೆಟ್ಟಿಲು. ಮಂಡಿಯ ಆಪರೇಷನ್ ಆದಮೇಲೆ ಅಂಗಡಿ ಮುಚ್ಚಿ, ಕತ್ತರಿಸುವ ಮೇಜನ್ನು ಮೇಲಕ್ಕೆ ತರಿಸಿಕೊಂಡು, ಕಿಟಕಿಯ ಬೆಳಕಿನಲ್ಲಿ ಹಳೆಯ ಗಿರಾಕಿಗಳ ಕೋಟು ಹೊಲಿಯುತ್ತಿದ್ದ.

ಇದ್ದಕ್ಕಿದ್ದಂತೆ ಬಾಗಿಲಿಗೆ ಜನ ಬರತೊಡಗಿದರು. ಮೊದಲು ಫ್ರಿಜ್ ರಿಪೇರಿಯವನು. ಆಮೇಲೆ ತಿಗಣೆಗೆ ಔಷಧಿ ಹೊಡೆಯುವವರು, ಸೋಫಾ ತೊಳೆಯುವವರು, ಮದುಮಗಳ ಮೇಕಪ್ ಪೆಟ್ಟಿಗೆ ಹಿಡಿದ ಒಬ್ಬಳು. ಬೆಲ್ಲು ಕೆಳಗಿನ ಗೇಟಿನಲ್ಲಿತ್ತು. ‘ನಾವು ಕರೆದಿಲ್ಲ’ ಎಂದು ಹೇಳುವುದಕ್ಕೂ ಅಪ್ಪ ಗೋಡೆ ಹಿಡಿದು ಇಳಿಯಬೇಕು.

“ಯಾರೋ ನಮ್ಮನ್ನ ಭಾರಿ ಕುಳ ಅಂದ್ಕೊಂಡಿದಾರೆ ಕಣೆ,” ಎಂದು ಒಂದು ಸಂಜೆ ನಕ್ಕ. “ಇವತ್ತು ಪಿಯಾನೋ ಸರಿ ಮಾಡೋನು ಬಂದಿದ್ದ.”

ನಲ್ಲಿ ರಿಪೇರಿಯವನು ಬಂದ ದಿನ ಅಪ್ಪ ಮೆಟ್ಟಿಲ ಮೇಲೆ ಜಾರಿ, ಬಲಗೈ ಮೇಲೆಯೇ ಬಿದ್ದ. ಆಸ್ಪತ್ರೆಗೆ ಎತ್ತಿಕೊಂಡು ಹೋದವನೂ ಆ ನಲ್ಲಿಯವನೇ. ಅವಳು ಓಡಿಬಂದಾಗ ಡಾಕ್ಟರು, “ಮೂಳೆ ಕೂಡುತ್ತೆ. ಆದ್ರೆ ಕತ್ತರಿ ಹಿಡಿಯೋ ಬಲ ಬರಲ್ಲ,” ಎಂದುಬಿಟ್ಟರು. ನಲ್ಲಿಯವನು ಕಾರಿಡಾರಿನಲ್ಲಿ ಮುದುಡಿಕೊಂಡು ನಿಂತಿದ್ದ.

“ನಂದೇನೂ ತಪ್ಪಿಲ್ಲ ಮೇಡಂ. ಅಡ್ರೆಸ್ ಇದೇ ಇದೆ, ನೋಡಿ.”

ಅವನ ಫೋನಿನಲ್ಲಿ ಅವರ ಮನೆ ನಂಬರಿತ್ತು, ‘ಮುಚ್ಚಿದ ದರ್ಜಿ ಅಂಗಡಿಯ ಮೇಲೆ’ ಎಂಬ ಗುರುತಿತ್ತು. ಮೇಲೆ ಗ್ರಾಹಕನ ಹೆಸರು. ಅಂಥ ಮನುಷ್ಯ ಭೂಮಿಯ ಮೇಲಿಲ್ಲ. ಆ ಹೆಸರನ್ನು ಹುಟ್ಟಿಸಿದ್ದು ಅವಳ ಪ್ರೋಗ್ರಾಮು. ಅವರ ಆಫೀಸು ಮಾರಿದ್ದ ವಿಳಾಸಗಳಲ್ಲಿ ಅಪ್ಪನ ಮನೆಯೂ ಸೇರಿತ್ತು. ಕೊಂಡ ಕಂಪನಿಗಳು ಪರೀಕ್ಷೆ ಮಾಡುವಾಗ ಆಗಾಗ ನಿಜವಾದ ಬುಕಿಂಗನ್ನೇ ಒತ್ತಿಬಿಡುತ್ತಿದ್ದವು. ಇಲ್ಲದ ಮನೆಯಾದರೆ ಕೆಲಸಗಾರ ಬೀದಿ ಸುತ್ತಿ ವಾಪಸಾಗುತ್ತಿದ್ದ. ಇದು ಇದ್ದ ಮನೆ.

ಸಂಜೆ ಭಾವ ಕಿತ್ತಳೆಹಣ್ಣು ಹಿಡಿದು ಆಸ್ಪತ್ರೆಗೆ ಬಂದ. ಅಪ್ಪನ ವಿಳಾಸ ಪಟ್ಟಿಗೆ ಹೇಗೆ ಸೇರಿತೆಂದು ಅವಳು ನೇರವಾಗಿ ಕೇಳಿದಳು.

“ಓ, ಅದಾ?” ಎಂದ ಭಾವ. “ಗಿರಾಕಿ ಎದುರಿಗೆ ತೋರಿಸ್ಬೇಕಿತ್ತು, ಮ್ಯಾಪಲ್ಲಿ ಸಿಗೋ ಅಡ್ರೆಸ್ ಒಂದಾದ್ರೂ ಬೇಕಿತ್ತು. ಹಾಕ್ದೆ. ಆಮೇಲೆ ತೆಗೆಯೋಕೆ ಮರ್ತೋಯ್ತು.”

“ನಿಮ್ಮನೆದು ಹಾಕ್ಬಹುದಿತ್ತಲ್ಲ ಭಾವ?”

“ಕಂಡೋರೆಲ್ಲ ಬಂದು ಬೆಲ್ ಒತ್ತಲಿ ಅಂತಾನಾ?” ಭಾವ ನಕ್ಕ. “ಮಾವ ಹೇಗಿದ್ರೂ ಮನೇಲೇ ಬಿದ್ದಿರ್ತಾರೆ.”

ಪರದೆಯ ಆಚೆ ಫ್ಲಾಸ್ಕ್ ಹಿಡಿದು ನಿಂತಿದ್ದ ಅಕ್ಕ ಎಲ್ಲ ಕೇಳಿಸಿಕೊಂಡಳು. ಮಾರನೆಯ ದಿನ ಬಟ್ಟೆ ತುಂಬಿಕೊಂಡು ಅಪ್ಪನ ಮನೆಗೆ ಬಂದಳು.

“ಅಪ್ಪನ ಅಡ್ರೆಸ್ ತೆಗೆದು ನಮ್ಮನೇದು ಹಾಕು,” ಎಂದಳು ತಂಗಿಗೆ.

“ಅದು ನಿನ್ನ ಮನೇನೂ ಹೌದಲ್ಲ ಅಕ್ಕ.”

“ನಾನು ಇಲ್ಲಿದೀನಲ್ಲ. ಗುರುತಿನ ಜಾಗದಲ್ಲಿ ಬರಿ: ಬೆಲ್ ಕೆಟ್ಟಿದೆ, ಬಾಗಿಲು ಜೋರಾಗಿ ಬಡೀರಿ. ಯಜಮಾನರಿಗೆ ಮರೆವು, ಕರೆದಿಲ್ಲ ಅಂದ್ರೆ ನಂಬಬೇಡಿ.”

ಪೋಸ್ಟಮ್ಮ ಅಪ್ಪನ ವಿಳಾಸ ಅಳಿಸಿ, ಅದೇ ಜಾಗದಲ್ಲಿ ಭಾವನದ್ದನ್ನು ಕೂರಿಸಿದಳು, ಅಕ್ಕ ಹೇಳಿದ ಗುರುತಿನ ಸಮೇತ.

ವಿಳಾಸಗಳ ಹೊಸ ಕಂತು ಗಿರಾಕಿಗಳಿಗೆ ತಲುಪಿದ ಮೇಲೆ ಭಾವನ ಫೋನು ಶುರುವಾಯಿತು. ಅಕ್ಕ ಸ್ಪೀಕರ್ ಹಾಕಿ, ಅಪ್ಪನಿಗೆ ಗಂಜಿ ತಿನ್ನಿಸುತ್ತಲೇ ಮಾತಾಡುತ್ತಿದ್ದಳು.

“ಜೇನುಗೂಡು ತೆಗೆಯೋರು ಬಂದಿದಾರೆ. ನೀನೇನಾದ್ರೂ ಕರೆದ್ಯಾ?”

“ಇಲ್ವಲ್ಲ ರೀ. ಇದ್ರೆ ತೆಗೆಸ್ಕೊಳ್ಳಿ.”

“ಬಾಗಿಲು ಮುರಿಯೋ ಹಾಗೆ ಬಡೀತಾರೆ ಕಣೆ. ಬೇಡ ಅಂದ್ರೂ ಹೋಗಲ್ಲ.”

ಪೋಸ್ಟಮ್ಮನಿಗೆ ಹಾಲು ಕುಡಿದಷ್ಟು ಸಂತೋಷ. ಆಫೀಸಿನಲ್ಲಿ ಭಾವ ಕೆಂಪು ಕಣ್ಣು ಉಜ್ಜಿಕೊಳ್ಳುತ್ತಿದ್ದರೆ ಇನ್ನಷ್ಟು ಬರಲಿ ಎನ್ನಿಸುತ್ತಿತ್ತು. ಸುಮ್ಮನೆ ಅಲೆದ ಕೆಲಸಗಾರರನ್ನು ನೆನೆದಾಗ ಮಾತ್ರ ಕಸಿವಿಸಿ. ಬೀರು ಹೊತ್ತು ನಾಲ್ಕು ಮಹಡಿ ಹತ್ತಿದವರು ಹಾಗೇ ಇಳಿದು ಹೋದರೆಂದು ಕೇಳಿದ ದಿನ ಅವಳಿಗೆ ಊಟ ಸೇರಲಿಲ್ಲ. ಆದರೂ ಅಳಿಸಲಿಲ್ಲ. ಅವಳು ಕಾಯುತ್ತಿದ್ದದ್ದು ಬೇರೆಯದಕ್ಕೆ. ದೂರು ಭಾವನ ಬಾಯಿಂದಲೇ ಬರಬೇಕಿತ್ತು.

ಬಂತು. ಭಾವ ಎಲ್ಲರೆದುರು ಕಂಪನಿಯ ಒಡತಿಯ ಬಳಿ ಹೋಗಿ, “ಇವಳು ನನ್ನ ಮನೆ ವಿಳಾಸ ಸೇರಿಸಿದಾಳೆ. ನಿಜವಾದ ವಿಳಾಸ ಹಾಕಿದೋರನ್ನ ಮನೆಗೆ ಕಳಿಸ್ಬೇಕು ಅನ್ನೋದು ನಮ್ಮ ನಿಯಮ,” ಎಂದ.

“ಹೌದು, ಹಾಕಿದೀನಿ,” ಎಂದಳು ಪೋಸ್ಟಮ್ಮ. “ಅದಕ್ಕೆ ಮುಂಚೆ ಆ ಜಾಗದಲ್ಲಿ ಏನಿತ್ತು, ಯಾರು ಹಾಕಿದ್ರು, ಅದನ್ನೂ ನೋಡಿ ಮೇಡಂ.”

ಯಾವ ಬದಲಾವಣೆ ಯಾರದೆಂಬುದು ಸಿಸ್ಟಮ್ಮಿನಲ್ಲಿ ಉಳಿಯುತ್ತದೆ. ಒಡತಿ ಪರದೆ ನೋಡಿದರು, ಭಾವನ ಮುಖ ನೋಡಿದರು. “ಇದು ಯಾರ ಮನೆ?”

ಭಾವ ಪರದೆಯನ್ನು ತನ್ನ ಕಡೆ ತಿರುಗಿಸಿಕೊಳ್ಳಲು ಕೈ ಚಾಚಿದ.

“ನಮ್ಮಪ್ಪಂದು,” ಎಂದಳು ಅವಳು. “ಇವರಿಗೆ ಮಾವನ ಮನೆ. ಅಲ್ಲಿಗೆ ಬಂದೋರಿಗೆ ಬಾಗಿಲು ತೆಗೆಯೋಕೆ ಹೋಗಿ ಅಪ್ಪ ಕೈ ಮುರ್ಕೊಂಡ.”

ನಿಯಮ ಓದಿ ಹೇಳಿದವನಿಗೂ ಅದೇ ನಿಯಮ. ಇಬ್ಬರ ಕೆಲಸವೂ ಹೋಯಿತು. ಹೋಗುತ್ತದೆಂದು ಅವಳಿಗೆ ಮೊದಲೇ ಗೊತ್ತಿತ್ತು. ಅವನ ಜೊತೆ ಒಂದೇ ಲಿಫ್ಟಿನಲ್ಲಿ ಇಳಿಯುವಾಗ ಅದು ತನ್ನ ಜೀವಮಾನದ ಒಳ್ಳೆಯ ದಿನಗಳಲ್ಲೊಂದು ಅನ್ನಿಸಿತು.

ವಾರ ಕಳೆದು ಭಾವ ಕ್ಷಮೆ ಕೇಳಲು ಬಂದ. ಅಪ್ಪ ಬ್ಯಾಂಡೇಜಿನ ಕೈಯಲ್ಲೇ ಕುರ್ಚಿ ತೋರಿಸಿ, “ಕೂತ್ಕೊಳಪ್ಪ, ಆಗಿದ್ದು ಆಗೋಯ್ತು,” ಎಂದ. ಅಕ್ಕ ಟೀ ತಂದಿಟ್ಟಳು, ಅವನ ಜೊತೆ ಹೊರಡುವ ಮಾತು ಮಾತ್ರ ಎತ್ತಲಿಲ್ಲ. ಭಾವ ಒಬ್ಬನೇ ಮೆಟ್ಟಿಲಿಳಿದು ಹೋದ.

“ನೀನೂ ಮನಸ್ಸಿಂದ ತೆಗೆದುಹಾಕಮ್ಮ,” ಎಂದ ಅಪ್ಪ ಕಿರಿಯಳಿಗೆ.

“ನೀನು ಕ್ಷಮಿಸಿದೀಯಲ್ಲ ಅಪ್ಪ. ಮನೆಗೊಬ್ಬರು ಸಾಕು,” ಎಂದು ಅವಳು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.